ವಿಮಾನ ಜಾಸ್ತಿ, ಪ್ರಯಾಣಿಕರು ಕಮ್ಮಿ: ಜೆ.ಆರ್.ಡಿ. ಟಾಟಾ ಕಂಡ ಏಳುಬೀಳು

2019ರ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್‌ನ ಕೊನೇ ವಿಮಾನ ಅಮೃತಸರದಿಂದ ಮುಂಬೈಗೆ ಹಾರಿತು. ಮಾರನೇ ದಿನದಿಂದ ಆ ಕಂಪನಿ ಇಲ್ಲ. ನಮ್ಮಲ್ಲಿ ಸುಮಾರು ಜನ ಆಗ ಏಳನೇದೋ ಎಂಟನೇದೋ ಓದ್ತಿದ್ವಿ. ನ್ಯೂಸ್ ಚಾನೆಲ್‌ಗಳಲ್ಲಿ ಯೂನಿಫಾರ್ಮ್ ಹಾಕಿಕೊಂಡು ಅಳ್ತಿದ್ದ ಸಿಬ್ಬಂದಿಯನ್ನು ನೋಡಿದ್ದು ಕೆಲವರಿಗಾದರೂ ನೆನಪಿರಬಹುದು. ಅದಕ್ಕೂ ಏಳು ವರ್ಷ ಮುಂಚೆ ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ನಿಂತಿತ್ತು. ಆಮೇಲೆ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಭಾರತದಲ್ಲಿ ವಿಮಾನ ಹತ್ತೋರು ಜಾಸ್ತಿ ಆಗ್ತಿದ್ದಾರೆ, ಆದರೂ ವಿಮಾನ ಕಂಪನಿಗಳು ಮಾತ್ರ ಬೀಳ್ತಾನೇ ಇವೆ. ಯಾಕೆ?

ಇದಕ್ಕೆ ಉತ್ತರ ಹುಡುಕೋಕೆ ಹೋದರೆ ಎಪ್ಪತ್ತೈದು ವರ್ಷಕ್ಕಿಂತ ಹಿಂದಕ್ಕೆ ಹೋಗಬೇಕಾಗುತ್ತೆ. ಆಗಲೂ ಇದೇ ತರ ಕಂಪನಿಗಳು ಸಾಲಾಗಿ ಬಿದ್ದಿದ್ದವು. ಅದನ್ನು ಮೊದಲೇ ಊಹಿಸಿ, ಬೇಡ ಅಂತ ಹೇಳಿ, ಕೊನೆಗೆ ಅದರ ಪೆಟ್ಟನ್ನು ತಾನೂ ತಿಂದ ಒಬ್ಬ ಮನುಷ್ಯ ಇದ್ದರು. ಅವರೇ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ, ಅಂದರೆ ಜೆ.ಆರ್.ಡಿ. ಅವರನ್ನು ಭಾರತದ ನಾಗರಿಕ ವಿಮಾನಯಾನದ ಪಿತಾಮಹ ಅಂತ ಕ್ವಿಜ್‌ಗಳಲ್ಲಿ ನಾವೆಲ್ಲ ಬರೆದಿದ್ದೀವಿ. ಆದರೆ ಆ ಒಂದು ಸಾಲಿನ ಉತ್ತರದೊಳಗೆ ಇರೋ ಜಗಳ, ಸೋಲು, ಅವಮಾನ ಯಾವ ಕ್ವಿಜ್‌ನಲ್ಲೂ ಬರಲ್ಲ.

ಡಿಗ್ರಿ ಇಲ್ಲದ ಹುಡುಗ

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಆರ್.ಡಿ. ಟಾಟಾ, ಜಮ್‌ಷೆಡ್‌ಜಿ ಟಾಟಾ ಅವರ ಸಂಬಂಧಿ. ಅಮ್ಮ ಸುಜಾನ್ ಫ್ರೆಂಚ್ ಮಹಿಳೆ. ಉತ್ತರ ಫ್ರಾನ್ಸಿನ ಹಾರ್ಡೆಲೋ ಅನ್ನೋ ಕಡಲತೀರದ ಊರಿನಲ್ಲಿ ಅವರ ರಜೆಯ ಮನೆ ಇತ್ತು. ಅಲ್ಲೇ ಹತ್ತಿರದಲ್ಲಿ ಲೂಯಿ ಬ್ಲೇರಿಯೋ ಅವರ ಮನೆಯೂ ಇತ್ತು. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲ ಬಾರಿ ವಿಮಾನದಲ್ಲಿ ದಾಟಿದ ವ್ಯಕ್ತಿ ಪಕ್ಕದಲ್ಲೇ ಇದ್ದರೆ ಯಾವ ಹುಡುಗ ಸುಮ್ಮನಿರ್ತಾನೆ? ಹದಿನೈದನೇ ವಯಸ್ಸಿನಲ್ಲಿ ಅಲ್ಲೇ ಒಂದು ಸಣ್ಣ ವಿಮಾನದಲ್ಲಿ ಜೆ.ಆರ್.ಡಿ. ಮೊದಲ ಸಲ ಆಕಾಶಕ್ಕೆ ಹೋದರು. ಪೈಲಟ್ ಆಗಬೇಕು ಅಂತ ಆಗಲೇ ತೀರ್ಮಾನಿಸಿಬಿಟ್ಟರು.

ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದೋ ಆಸೆ ಅವರಿಗಿತ್ತು. ಆದರೆ ಅಪ್ಪ ಟಾಟಾ ಕಂಪನಿಯ ಕೆಲಸಕ್ಕೆ ಭಾರತಕ್ಕೆ ಕರೆಸಿಕೊಂಡರು. 1926ರಲ್ಲಿ ಅಪ್ಪ ತೀರಿಕೊಂಡರು, ಓದೋ ಮಾತು ಅಲ್ಲಿಗೇ ಮುಗೀತು. ಅಂದರೆ ಮುಂದೆ ಉಕ್ಕು, ರಾಸಾಯನಿಕ, ವಿಮಾನ, ಟ್ರಕ್ ಎಲ್ಲವನ್ನೂ ನಡೆಸಿದ ಈ ಮನುಷ್ಯನ ಹತ್ತಿರ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಆ ಕೊರಗು ಅವರನ್ನು ಕೊನೇವರೆಗೂ ಬಿಡಲಿಲ್ಲ, ಹಾಗಾಗಿ ಪುಸ್ತಕ ಇಟ್ಟುಕೊಂಡು ತಾವೇ ಓದಿ ಕಲೀತಾ ಹೋದರು. 1929ರ ಫೆಬ್ರವರಿ 10ರಂದು ಪೈಲಟ್ ಲೈಸೆನ್ಸ್ ಸಿಕ್ಕಿತು. ಭಾರತದಲ್ಲಿ ಕೊಟ್ಟ ಮೊದಲನೇ ಲೈಸೆನ್ಸ್ ಅದು, ನಂಬರ್ 1.

ಮರುವರ್ಷ ಆಗಾ ಖಾನ್ ಒಂದು ಸ್ಪರ್ಧೆ ಇಟ್ಟರು. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬನೇ ಹಾರಬೇಕು, ಮೊದಲು ಮುಟ್ಟಿದವನಿಗೆ ಬಹುಮಾನ. ಜೆ.ಆರ್.ಡಿ. ಕರಾಚಿಯಿಂದ ಹೊರಟರು. ಎದುರಾಳಿ ಆಸ್ಪಿ ಇಂಜಿನಿಯರ್ ಎಂಬ ಹದಿನೇಳರ ಹುಡುಗ ಇಂಗ್ಲೆಂಡಿನಿಂದ ಈ ಕಡೆ ಬರ್ತಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಸಿಕ್ಕರು. ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಕೂತಿದ್ದ. ಜೆ.ಆರ್.ಡಿ. ತಮ್ಮ ಹತ್ತಿರ ಹೆಚ್ಚಿಗೆ ಇದ್ದದ್ದನ್ನು ಕೊಟ್ಟುಬಿಟ್ಟರು. ಆಸ್ಪಿ ಗೆದ್ದ, ಇವರು ಸೋತರು. ಅದೇ ಆಸ್ಪಿ ಮುಂದೆ ಭಾರತೀಯ ವಾಯುಸೇನೆಯ ಮುಖ್ಯಸ್ಥರಾದರು. ಪ್ರತಿಸ್ಪರ್ಧಿ ಅಂದರೆ ಶತ್ರು ಅಲ್ಲ ಅನ್ನೋ ಈ ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇವರ ಮೇಲೆ ಬಂದ ಒಂದು ಆರೋಪವನ್ನು ತೂಗಿ ನೋಡೋಕೆ ಇದು ಬೇಕಾಗುತ್ತೆ.

ಬಳ್ಳಾರಿ ಮೇಲೆ ಹಾದ ಮೊದಲ ದಾರಿ

ಲಂಡನ್‌ನಿಂದ ಬರ್ತಿದ್ದ ವಿಮಾನದ ಟಪಾಲು ಕರಾಚಿಗೆ ಬಂದು ಇಳೀತಿತ್ತು. ಅಲ್ಲಿಂದ ದಕ್ಷಿಣಕ್ಕೆ ರೈಲೇ ಗತಿ. ಬ್ರಿಟಿಷ್ ವಾಯುಸೇನೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಒಂದು ಯೋಜನೆ ತಂದರು: ಕರಾಚಿ, ಅಹಮದಾಬಾದ್, ಬಾಂಬೆ, ಬಳ್ಳಾರಿ, ಮದ್ರಾಸ್. ಜೆ.ಆರ್.ಡಿ.ಗೆ ತಕ್ಷಣ ಹಿಡಿಸಿತು. ಆದರೆ ಕಂಪನಿಯ ಹಿರಿಯರಾದ ದೊರಾಬ್‌ಜಿ ಟಾಟಾ ಅವರನ್ನು ಒಪ್ಪಿಸಬೇಕಿತ್ತು. ಜಾನ್ ಪೀಟರ್ಸನ್ ಎಂಬ ಹಿರಿಯ ಅಧಿಕಾರಿ ಇವರ ಪರವಾಗಿ ಮಾತಾಡಿದ ಮೇಲೆ ಸುಮಾರು ಎರಡು ಲಕ್ಷ ರೂಪಾಯಿ ಬಂಡವಾಳ ಸಿಕ್ಕಿತು. ಸರ್ಕಾರ ಸಬ್ಸಿಡಿ ಕೊಡಲ್ಲ ಅಂದಿತು. ಸಬ್ಸಿಡಿ ಬೇಡ, ಒಯ್ದ ಟಪಾಲಿಗೆ ಮಾತ್ರ ದುಡ್ಡು ಕೊಡಿ ಅಂತ ಟಾಟಾ ಕಡೆಯವರು ಒಪ್ಪಿಕೊಂಡರು.

1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಒಂದೇ ಇಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿ ಬಿಟ್ಟು, ಅಹಮದಾಬಾದ್‌ನಲ್ಲಿ ಇಂಧನ ತುಂಬಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬಾಂಬೆಯ ಜುಹೂನಲ್ಲಿ ಇಳಿದರು. ಅಲ್ಲಿಂದ ಟಪಾಲನ್ನು ವಿನ್ಸೆಂಟ್ ತೆಗೆದುಕೊಂಡು ಹೊರಟು, ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮಾರನೇ ದಿನ ಮದ್ರಾಸ್ ಮುಟ್ಟಿದರು. ಭಾರತದ ಮೊದಲ ಸ್ವದೇಶಿ ವಿಮಾನ ಸೇವೆ ತನ್ನ ಮೊದಲ ರಾತ್ರಿ ಕಳೆದದ್ದು ಈಗ ನಮ್ಮ ಕರ್ನಾಟಕದಲ್ಲಿರೋ ಊರಿನಲ್ಲಿ! ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅದು ಬೇರೆ ಮಾತು.

ರೇಡಿಯೋ ಇರಲಿಲ್ಲ, ದಾರಿ ತೋರಿಸೋ ಉಪಕರಣ ಇರಲಿಲ್ಲ. ಜುಹೂನಲ್ಲಿ ಕಚೇರಿ ಅಂತ ಇದ್ದದ್ದು ಒಂದು ಗರಿಯ ಗುಡಿಸಲು. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಪುಣೆಗೆ ಗಂಟುಮೂಟೆ ಕಟ್ಟಬೇಕಿತ್ತು. ಅಷ್ಟರಲ್ಲೂ ಮೊದಲ ವರ್ಷ 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನೂ ಹತ್ತು ಟನ್ನಿನಷ್ಟು ಟಪಾಲನ್ನೂ ಒಯ್ದರು. ಲಾಭ 60,000 ರೂಪಾಯಿ. ಇಲ್ಲಿ ಗಮನಿಸಬೇಕಾದ್ದು ಇಷ್ಟೇ: ಕಂಪನಿ ಬದುಕಿದ್ದು ಪ್ರಯಾಣಿಕರಿಂದಲ್ಲ, ಟಪಾಲಿನಿಂದ. ಎಷ್ಟು ಕೆಲಸ ಇದೆಯೋ ಅಷ್ಟೇ ವಿಮಾನ. ಈ ಲೆಕ್ಕ ಜೆ.ಆರ್.ಡಿ. ತಲೆಯಲ್ಲಿ ಗಟ್ಟಿಯಾಗಿ ಕೂತಿತು.

1938ರಲ್ಲಿ, 34ನೇ ವಯಸ್ಸಿಗೇ, ಅವರು ಟಾಟಾ ಸನ್ಸ್ ಅಧ್ಯಕ್ಷರಾದರು. 1942ರಲ್ಲಿ ವಿನ್ಸೆಂಟ್ ಯುದ್ಧಕಾಲದ ಒಂದು ವಿಮಾನ ಪ್ರಯಾಣದಲ್ಲಿ ತೀರಿಕೊಂಡರು.

ಡಕೋಟಾ ಹುಚ್ಚು

ಎರಡನೇ ಮಹಾಯುದ್ಧ ಮುಗೀತು. ಅಮೆರಿಕದ ಸೈನ್ಯ ಭಾರತದಲ್ಲಿ ಬಿಟ್ಟುಹೋದ ನೂರಾರು ಡಕೋಟಾ ವಿಮಾನಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಎರಡು ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್, ಇಪ್ಪತ್ತು ಚಿಲ್ಲರೆ ಸೀಟು, ಎಂಥ ನೆಲದಲ್ಲಾದರೂ ಇಳಿಯೋ ಗಟ್ಟಿ ವಿಮಾನ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಅಂದರೆ ಇವತ್ತಿನ ಎಚ್‌ಎಎಲ್‌ನಲ್ಲಿ, ಇವುಗಳಲ್ಲಿ ಹಲವನ್ನು ರಿಪೇರಿ ಮಾಡಿ ಪ್ರಯಾಣಿಕರ ವಿಮಾನಗಳಾಗಿ ಬದಲಾಯಿಸಿದರು. ವ್ಯಾಪಾರಿಗಳು, ಗಿರಣಿ ಮಾಲೀಕರು, ಸಂಸ್ಥಾನಗಳು, ಎಲ್ಲರಿಗೂ ವಿಮಾನ ಕಂಪನಿ ಬೇಕು ಅನ್ನಿಸಿತು. ಸರ್ಕಾರವೂ ಕೇಳಿದವರಿಗೆ ಕೈ ಬಿಚ್ಚಿ ಲೈಸೆನ್ಸ್ ಕೊಡ್ತಾ ಹೋಯಿತು.

ಜೆ.ಆರ್.ಡಿ. ಇದನ್ನು ವಿರೋಧಿಸಿದರು. ದೇಶದಲ್ಲಿ ವಿಮಾನದ ಟಿಕೆಟ್ ಕೊಳ್ಳೋ ಶಕ್ತಿ ಇರೋರು ಕೆಲವೇ ಜನ, ಅವರನ್ನು ಇಷ್ಟು ಕಂಪನಿಗಳು ಹಂಚಿಕೊಂಡರೆ ಯಾರೂ ಉಳಿಯಲ್ಲ ಅನ್ನೋದು ಅವರ ವಾದ. ಅವರ ಕಂಪನಿ ಅಷ್ಟರಲ್ಲಿ, 1946ರಲ್ಲಿ, ಏರ್ ಇಂಡಿಯಾ ಅನ್ನೋ ಹೆಸರಿನ ಸಾರ್ವಜನಿಕ ಷೇರು ಕಂಪನಿ ಆಗಿತ್ತು.

ನಮ್ಮ ಸಿಲಬಸ್ ಭಾಷೆಯಲ್ಲಿ ಹೇಳೋದಾದರೆ ಇದು ಫಿಕ್ಸೆಡ್ ಕಾಸ್ಟ್ ಸಮಸ್ಯೆ. ವಿಮಾನ ಹಾರಿದರೆ ಪೈಲಟ್ ಸಂಬಳ, ಪೆಟ್ರೋಲ್, ಮೇಂಟೆನೆನ್ಸ್ ಎಲ್ಲ ಖರ್ಚೂ ಆಗೇ ಆಗುತ್ತೆ, ಒಳಗೆ ನಾಲ್ಕು ಜನ ಇರಲಿ ಇಪ್ಪತ್ತು ಜನ ಇರಲಿ. ಖಾಲಿ ಹೋದ ಸೀಟನ್ನು ನಾಳೆ ಮಾರೋಕಾಗಲ್ಲ. ಆದ್ದರಿಂದ ಕಂಪನಿ ಏನು ಮಾಡುತ್ತೆ? ಖಾಲಿ ಬಿಡೋದಕ್ಕಿಂತ ಅಸಲಿಗಿಂತ ಕಮ್ಮಿಗೆ ಕೊಟ್ಟರೂ ಪರವಾಗಿಲ್ಲ ಅನ್ನುತ್ತೆ. ಒಬ್ಬ ಕಮ್ಮಿ ಮಾಡಿದರೆ ಪಕ್ಕದವನೂ ಮಾಡಲೇಬೇಕು. ಹೀಗೆ ಸಾಯೋ ಕಂಪನಿ ಒಂದೇ ಸಾಯಲ್ಲ, ಸಾಯೋದಕ್ಕೆ ಮುಂಚೆ ಚೆನ್ನಾಗಿರೋ ಕಂಪನಿಯ ಗಂಟನ್ನೂ ಕರಗಿಸಿ ಹೋಗುತ್ತೆ.

ಹಾಗೇ ಆಯಿತು. ಅಂಬಿಕಾ ಏರ್‌ಲೈನ್ಸ್ ಮುಚ್ಚಿತು. ಜುಪಿಟರ್ ಏರ್‌ವೇಸ್ ಮುಚ್ಚಿತು. ಉಳಿದವು ಸರ್ಕಾರ ಕೊಟ್ಟ ಪೆಟ್ರೋಲ್ ಸುಂಕದ ರಿಯಾಯಿತಿಯಲ್ಲಿ ಉಸಿರು ಹಿಡಿದುಕೊಂಡಿದ್ದವು.

ನಾಗಪುರದ ನಡುರಾತ್ರಿ

ಇದರ ಮಧ್ಯೆ ಒಂದು ಕುತೂಹಲದ ಯೋಜನೆ ಬಂತು. ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರಿಗೆ ರಾತ್ರಿ ಟಪಾಲು ಸೇವೆ ಬೇಕಿತ್ತು. ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್‌ನಿಂದ ಸಂಜೆ ಒಂದೊಂದು ವಿಮಾನ ಹೊರಡೋದು, ನಾಲ್ಕೂ ನಡುರಾತ್ರಿ ನಾಗಪುರದಲ್ಲಿ ಸೇರಿ ಚೀಲ ಬದಲಾಯಿಸಿಕೊಂಡು ಬೆಳಗಾಗೋ ಹೊತ್ತಿಗೆ ವಾಪಸ್ ಬರೋದು. ನೆಟ್‌ವರ್ಕ್ ಕ್ಲಾಸಿನಲ್ಲಿ ಬರೆಯೋ ಹಬ್ ಅಂಡ್ ಸ್ಪೋಕ್ ಚಿತ್ರಾನೇ ಇದು. ಐಡಿಯಾ ನಿಜಕ್ಕೂ ಚೆನ್ನಾಗಿತ್ತು.

ಜೆ.ಆರ್.ಡಿ. ಬೇಡ ಅಂದರು. ರಾತ್ರಿ ಹಾರಾಟಕ್ಕೆ ನೆಲದ ಮೇಲೆ ಬೇಕಾದ ಸೌಲಭ್ಯ ಇನ್ನೂ ಸಾಲದು, ಸರ್ಕಾರ ಹೇಳೋ ದರದಲ್ಲಿ ಯಾರಿಗೂ ಗಿಟ್ಟಲ್ಲ ಅನ್ನೋದು ಅವರ ನಿಲುವು. ಸಚಿವರಿಗೆ ಸಿಟ್ಟು ಬಂತು. ಇಬ್ಬರ ನಡುವೆ ಬಹಿರಂಗವಾಗೇ ಜಟಾಪಟಿ ನಡೀತು. 1949ರ ಜನವರಿಯಲ್ಲಿ ಬೇರೆ ಕಂಪನಿಯಾದ ಇಂಡಿಯನ್ ಓವರ್‌ಸೀಸ್ ಏರ್‌ಲೈನ್ಸ್ ಸೇವೆ ಶುರು ಮಾಡಿತು, ಕೆಲವೇ ತಿಂಗಳಲ್ಲಿ ಕೈಚೆಲ್ಲಿತು. ಅದೇ ವರ್ಷ ಹಿಮಾಲಯನ್ ಏವಿಯೇಷನ್ ಅದನ್ನು ಮತ್ತೆ ಎತ್ತಿಕೊಂಡಿತು.

ಇಲ್ಲಿ ಇಬ್ಬರೂ ಅರ್ಧ ಸರಿ ಅಂತ ನನಗೆ ಅನ್ನಿಸುತ್ತೆ. ಮೊದಲ ಕಂಪನಿಗೆ ಆಗಲ್ಲ ಅನ್ನೋ ಜೆ.ಆರ್.ಡಿ. ಲೆಕ್ಕ ಸರಿಯಾಯಿತು. ಆದರೆ ಸೇವೆ ಮಾತ್ರ ಉಳಿಯಿತು, ವರ್ಷಗಟ್ಟಲೆ ನಡೀತು, ಜನಕ್ಕೆ ಉಪಯೋಗ ಆಯಿತು. ಕಂಪನಿ ಬಿದ್ದ ಮಾತ್ರಕ್ಕೆ ಅದು ಮಾಡ್ತಿದ್ದ ಕೆಲಸ ದಂಡ ಅಂತ ಹೇಳೋಕಾಗಲ್ಲ.

ಜೆ.ಆರ್.ಡಿ. ಮೇಲಿನ ಆರೋಪವೂ ಇಲ್ಲೇ ಹುಟ್ಟುತ್ತೆ. ಮೊದಲು ಬಂದು ಕೂತ ದೊಡ್ಡ ಕಂಪನಿ ಅವರದು. ಹೊಸಬರು ಬೇಡ ಅಂದರೆ ಲಾಭ ಯಾರಿಗೆ? ಅವರಿಗೇ. ಸ್ಪಾರ್ಕ್ ಪ್ಲಗ್ ಕೊಟ್ಟು ಸೋತ ಮನುಷ್ಯ ಬರೀ ಹೊಟ್ಟೆಕಿಚ್ಚಿನಿಂದ ಹಾಗೆ ಹೇಳಿರ್ತಾರೆ ಅಂತ ನಾನು ನಂಬಲ್ಲ. ಆದರೆ ಪ್ರಶ್ನೆ ಕೇಳಿದವರು ತಪ್ಪು ಅಂತಲೂ ಹೇಳಲ್ಲ.

ಬಿದ್ದ ಕಂಪನಿಗಳ ಬಿಲ್ ಕಟ್ಟಿದ್ದು ಯಾರು?

ಪರಿಸ್ಥಿತಿ ನೋಡೋಕೆ ಸರ್ಕಾರ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಇರೋ ಕೆಲಸಕ್ಕಿಂತ ಕಂಪನಿಗಳು ಜಾಸ್ತಿ ಆಗಿವೆ ಅಂತಲೇ ಸಮಿತಿ 1950ರಲ್ಲಿ ಕಂಡುಕೊಂಡಿತು. ತಕ್ಷಣ ರಾಷ್ಟ್ರೀಕರಣ ಬೇಡ, ಇರೋ ಕಂಪನಿಗಳನ್ನು ಸೇರಿಸಿ ಕಮ್ಮಿ ಮಾಡಿ ಅನ್ನೋದು ಅದರ ಸಲಹೆ. ಕಂಪನಿಗಳು ತಾವಾಗೇ ಸೇರಲಿಲ್ಲ. ಕೊನೆಗೆ ಸರ್ಕಾರ ಎಲ್ಲವನ್ನೂ ತಾನೇ ತಗೊಳ್ಳೋ ತೀರ್ಮಾನಕ್ಕೆ ಬಂತು. 1952ರಲ್ಲಿ ಸಚಿವ ಜಗಜೀವನ್ ರಾಮ್ ಅವರನ್ನು ಭೇಟಿಯಾದಾಗ ಜೆ.ಆರ್.ಡಿ.ಗೆ ಗೊತ್ತಾಯಿತು: ತನ್ನನ್ನು ಕರೆದದ್ದು ಸಲಹೆ ಕೇಳೋಕಲ್ಲ, ತೀರ್ಮಾನ ತಿಳಿಸೋಕೆ. ನೆಹರೂ ಅವರಿಗೆ ನೋವು ತೋಡಿಕೊಂಡು ಪತ್ರ ಬರೆದರು. ನೆಹರೂ ಸಮಾಧಾನದ ಉತ್ತರ ಕೊಟ್ಟರು, ತೀರ್ಮಾನ ಬದಲಾಗಲಿಲ್ಲ.

1953ರ ಆಗಸ್ಟ್ 1ರಂದು ಒಂಬತ್ತು ಕಂಪನಿಗಳು ಸರ್ಕಾರಕ್ಕೆ ಸೇರಿದವು. ಎಂಟು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಇನ್ನೊಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್. ಅದು 1948ರಲ್ಲಿ ಟಾಟಾ ಮತ್ತು ಸರ್ಕಾರ ಜೊತೆಯಾಗಿ ಕಟ್ಟಿದ್ದು, ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನವನ್ನು ಬಾಂಬೆಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್‌ಗೆ ಹಾರಿಸಿದ್ದ ಹೆಮ್ಮೆಯ ಕಂಪನಿ. ಹಾಳಾದವರ ಜೊತೆ ಚೆನ್ನಾಗಿ ನಡೀತಿದ್ದದ್ದೂ ಹೋಯಿತು. ಅದಕ್ಕಿಂತ ದೊಡ್ಡ ಪರಿಣಾಮ ಏನಂದರೆ, ಆಮೇಲೆ ಸುಮಾರು ನಾಲ್ಕು ದಶಕ ದೇಶದೊಳಗೆ ನಿಯಮಿತ ವಿಮಾನ ಸೇವೆ ನಡೆಸೋ ಹಕ್ಕು ಸರ್ಕಾರಕ್ಕೆ ಮಾತ್ರ. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ವಿಮಾನ ಅಂದರೆ ತಲೆ ಎತ್ತಿ ನೋಡೋ ವಸ್ತು ಮಾತ್ರ ಆಗಿತ್ತಲ್ಲ, ಅದಕ್ಕೆ ಬಡತನದ ಜೊತೆ ಇದೂ ಒಂದು ಕಾರಣ.

ಜೆ.ಆರ್.ಡಿ. ಮುನಿಸಿಕೊಂಡು ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ನೆಹರೂ ಕೇಳಿದಾಗ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಅಧ್ಯಕ್ಷ ಸ್ಥಾನ ಒಪ್ಪಿಕೊಂಡರು, ಇಂಡಿಯನ್ ಏರ್‌ಲೈನ್ಸ್ ಮಂಡಳಿಯಲ್ಲೂ ಕೂತರು. ಸುಮಾರು 25 ವರ್ಷ, ಸಂಬಳ ತಗೊಳ್ಳದೆ. ಪರದೆಯ ಬಣ್ಣ, ಕಾಫಿಯ ರುಚಿ, ಟಾಯ್ಲೆಟ್‌ನ ಸ್ವಚ್ಛತೆ ಎಲ್ಲವನ್ನೂ ತಾವೇ ನೋಡಿ ಟಿಪ್ಪಣಿ ಬರೆದು ಕಳಿಸ್ತಿದ್ದರು. 1960ರಲ್ಲಿ ಬೋಯಿಂಗ್ 707 ಜೆಟ್ ಬಂತು. ಜಗತ್ತಿನ ಒಳ್ಳೇ ವಿಮಾನ ಸಂಸ್ಥೆಗಳ ಸಾಲಿನಲ್ಲಿ ಏರ್ ಇಂಡಿಯಾ ಹೆಸರು ಬರ್ತಿತ್ತು.

1978ರ ಜನವರಿ 1ರಂದು ಎಂಪರರ್ ಅಶೋಕ ಅನ್ನೋ ಜಂಬೋ ಜೆಟ್ ಬಾಂಬೆ ಬಿಟ್ಟ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿದ್ದು 213 ಜನ ಸತ್ತರು. ಮರು ತಿಂಗಳು ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಆ ಸುದ್ದಿ ಅವರಿಗೆ ಸರ್ಕಾರದಿಂದಲ್ಲ, ಅವರ ಜಾಗಕ್ಕೆ ಆಯ್ಕೆಯಾದ ವ್ಯಕ್ತಿಯ ಬಾಯಿಂದಲೇ ಗೊತ್ತಾಯಿತು. 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಮಂಡಳಿಗೆ ಸೇರಿಸಿಕೊಂಡರು, ಅಧ್ಯಕ್ಷರಾಗಿ ಅಲ್ಲ. 1982ರಲ್ಲಿ, 78ನೇ ವಯಸ್ಸಿನಲ್ಲಿ, ಮೊದಲ ಹಾರಾಟದ ಐವತ್ತನೇ ವರ್ಷಕ್ಕೆ ಹಳೇ ಕಾಲದ ಲೆಪರ್ಡ್ ಮಾತ್ ವಿಮಾನವನ್ನು ಒಬ್ಬರೇ ಕರಾಚಿಯಿಂದ ಬಾಂಬೆಗೆ ಹಾರಿಸಿದರು. 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. ಮೂರು ತಿಂಗಳ ನಂತರ, 1994ರ ಮಾರ್ಚ್ 1ರಿಂದ, 1953ರ ಕಾಯ್ದೆ ರದ್ದಾಯಿತು.

ಅವರು ಹೋದ ಮೇಲೆ

ಬಾಗಿಲು ತೆಗೆದ ತಕ್ಷಣ ಡಕೋಟಾ ಕಾಲ ವಾಪಸ್ ಬಂತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಎಲ್ಲ 1990ರ ದಶಕದಲ್ಲೇ ಬಂದು, ಆ ದಶಕದಲ್ಲೇ ಹೋದವು. ಈ ಸಲ ವಿಮಾನ ಅಗ್ಗಕ್ಕೆ ಸಿಗ್ತಿದ್ದದ್ದು ಯುದ್ಧದಿಂದಲ್ಲ, ಲೀಸ್‌ನಿಂದ. ಕೊಂಡುಕೊಳ್ಳೋ ದುಡ್ಡಿಲ್ಲದಿದ್ದರೂ ಬಾಡಿಗೆಗೆ ತಂದು ಹಾರಿಸಬಹುದು. ಬಾಡಿಗೆ ಡಾಲರ್‌ನಲ್ಲಿ, ಟಿಕೆಟ್ ರೂಪಾಯಿಯಲ್ಲಿ.

ಒಂದು ದೊಡ್ಡ ಕಂಪನಿ ಬಿದ್ದರೆ ಏನೇನಾಗುತ್ತೆ ಅಂತ ಜೆಟ್ ತೋರಿಸಿತು. ಸಾವಿರಾರು ಸಿಬ್ಬಂದಿಗೆ ಸಂಬಳ ಬಾಕಿ. ಮುಂಗಡ ಟಿಕೆಟ್ ಕೊಂಡವರ ದುಡ್ಡು ಸಿಕ್ಕಿಕೊಂಡಿತು. ನೂರಕ್ಕೂ ಹೆಚ್ಚು ವಿಮಾನ ಇದ್ದ ಕಂಪನಿ ಮಾರುಕಟ್ಟೆಯಿಂದ ಕಾಣೆಯಾದಾಗ ಉಳಿದವರ ಟಿಕೆಟ್ ದರ ಏರಿತು, ವರ್ಷಗಳ ನಂತರ ಮೊದಲ ಸಲ ದೇಶದೊಳಗಿನ ಪ್ರಯಾಣಿಕರ ಸಂಖ್ಯೆ ಇಳಿಯಿತು. ವಿಮಾನ ನಿಲ್ದಾಣಗಳಲ್ಲಿ ಜೆಟ್‌ಗೆ ಇದ್ದ ಸಮಯದ ಸ್ಲಾಟ್‌ಗಳನ್ನು ಬೇರೆಯವರಿಗೆ ಹಂಚಿದರು. ಜೆಟ್‌ನ ಕೆಲವು ವಿಮಾನಗಳೇ ಬೇರೆ ಕಂಪನಿಯ ಬಣ್ಣ ಬಳಿದುಕೊಂಡು ಹಾರಿದವು. ಮತ್ತೆ ಎಬ್ಬಿಸೋ ಪ್ರಯತ್ನಗಳೆಲ್ಲ ಮುಗಿದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೆಟ್ ಆಸ್ತಿ ಮಾರಿ ಲೆಕ್ಕ ಚುಕ್ತಾ ಮಾಡಿ ಅಂತ ಆದೇಶಿಸಿತು.

ಗೋ ಫಸ್ಟ್ ಕಥೆಯಲ್ಲಿ ಇನ್ನೊಂದು ಪಾಠ ಇದೆ. ತನ್ನ ಅರ್ಧದಷ್ಟು ವಿಮಾನ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್ ಸಮಸ್ಯೆಯಿಂದ ನಿಂತಿವೆ ಅಂತ ಆ ಕಂಪನಿ ಹೇಳಿತು. ಡಕೋಟಾಗಳಿಗೆ ಇಂಜಿನ್ ಕೊಟ್ಟ ಅದೇ ಹೆಸರು, ಎಪ್ಪತ್ತೇಳು ವರ್ಷದ ನಂತರ. ದಿವಾಳಿ ಪ್ರಕ್ರಿಯೆ ಶುರುವಾದಾಗ ಬಾಡಿಗೆಗೆ ಕೊಟ್ಟವರಿಗೆ ತಮ್ಮ ವಿಮಾನವನ್ನೇ ವಾಪಸ್ ಒಯ್ಯೋಕೆ ಆಗಲಿಲ್ಲ. ಹಾಗಾದರೆ ಮುಂದೆ ಭಾರತಕ್ಕೆ ವಿಮಾನ ಕೊಡೋರು ಹೆಚ್ಚು ಬಾಡಿಗೆ ಕೇಳ್ತಾರೆ, ಅದು ಬದುಕಿರೋ ಕಂಪನಿಗಳ ಮೇಲೆ ಬೀಳುತ್ತೆ. ಇದನ್ನು ಸರಿ ಮಾಡೋಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು.

2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾಗಳಿಗೆ ವಾಪಸ್ ಬಂತು. ಈಗ ದೇಶದೊಳಗಿನ ಮಾರುಕಟ್ಟೆಯ ಬಹುಪಾಲು ಇಂಡಿಗೋ ಮತ್ತು ಏರ್ ಇಂಡಿಯಾ ಗುಂಪು, ಇವೆರಡರ ಕೈಯಲ್ಲೇ ಇದೆ. ಒಂದು ಲೆಕ್ಕದಲ್ಲಿ ಜೆ.ಆರ್.ಡಿ. ಕೇಳಿದ್ದು ಇದೇ, ಕೆಲವೇ ಗಟ್ಟಿ ಕಂಪನಿಗಳು. ಆದರೆ ದೀಪಾವಳಿಗೆ ಊರಿಗೆ ಹೋಗೋಕೆ ಟಿಕೆಟ್ ನೋಡಿದ ಯಾರನ್ನಾದರೂ ಕೇಳಿ, ಎರಡೇ ಅಂಗಡಿ ಇರೋ ಬೀದಿಯಲ್ಲಿ ಬೆಲೆ ಹೇಗಿರುತ್ತೆ ಅಂತ ಅವರೇ ಹೇಳ್ತಾರೆ.

ಜೆ.ಆರ್.ಡಿ. ಬದುಕಿನಿಂದ ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ವಿಮಾನ ಕಂಪನಿ ಬಿದ್ದ ದಿನ ನಷ್ಟ ಶುರು ಆಗಲ್ಲ. ಗಿಟ್ಟದ ದರಕ್ಕೆ ಟಿಕೆಟ್ ಮಾರಿದ ದಿನವೇ, ಕೆಲಸ ಎಷ್ಟಿದೆ ಅಂತ ನೋಡದೆ ಲೈಸೆನ್ಸ್ ಕೊಟ್ಟ ದಿನವೇ ಶುರು ಆಗಿರುತ್ತೆ. ಆ ಅಗ್ಗದ ಟಿಕೆಟ್‌ನ ಬಾಕಿಯನ್ನು ಆಮೇಲೆ ಸಂಬಳ ಸಿಗದ ಒಬ್ಬ ಮೆಕ್ಯಾನಿಕ್ ಕಟ್ತಾನೆ, ದುಬಾರಿ ಟಿಕೆಟ್ ಕೊಳ್ಳೋ ಪ್ರಯಾಣಿಕ ಕಟ್ತಾನೆ, 1953ರಲ್ಲಿ ಆದ ಹಾಗೆ ಕೆಲವೊಮ್ಮೆ ಇಡೀ ಒಂದು ತಲೆಮಾರು ಕಟ್ಟುತ್ತೆ. ನಮ್ಮಲ್ಲಿ ಏರೋ ಬ್ರಾಂಚಿನವರು, ಮೆಕ್ಯಾನಿಕಲ್‌ನವರು ನಾಳೆ ಇದೇ ಕಂಪನಿಗಳಿಗೆ ಕೆಲಸಕ್ಕೆ ಹೋಗೋರು. ಆಫರ್ ಲೆಟರ್‌ನಲ್ಲಿ ಸಂಬಳದ ಅಂಕಿ ನೋಡೋ ಜೊತೆಗೆ, ಆ ಕಂಪನಿಯ ಸೀಟು ತುಂಬ್ತಾ ಇದೆಯಾ, ತುಂಬಿದ ಸೀಟು ಗಿಟ್ಟುತ್ತಾ ಅಂತಲೂ ಒಂದ್ಸಲ ನೋಡಿ.